ಕೋಡಿನ ಗಿಟಾರು

ಕೊಟ್ಟೂರಿನ ಗುರುಸಂಗಪ್ಪನಿಗೆ ಒಂದು ಖಯಾಲಿ ಹಿಡಿಯಿತೆಂದರೆ ಮುಗಿಯಿತು, ಅದು ಬಿಡುವುದು ಇನ್ನೊಂದು ಹಿಡಿದಾಗಲೇ. ಮೊದಲು ಶಾಮಿಯಾನದ ಅಂಗಡಿ ಇಟ್ಟ. ಶಾಮಿಯಾನದ ಹಿಂದೆಯೇ ಮೈಕ್ ಸೆಟ್ ಬಂತು. ಮೈಕ್ ಇದ್ದ ಮೇಲೆ ಹಾಡುವವರೂ ನಮ್ಮವರೇ ಇರಲಿ ಎಂದು ಆರ್ಕೆಸ್ಟ್ರಾ ಕಟ್ಟಿ, ಮಯೂರ ಮೆಲೋಡೀಸ್ ಎಂದು ಹೆಸರಿಟ್ಟ. ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಅಡುಗೆಯ ಹಂಡೆ ತರುತ್ತೇನೆಂದು ಹೊಸಪೇಟೆಗೆ ಹೋದವನು ಹಂಡೆ ಮರೆತು ಒಂದು ಗಿಟಾರು ತಂದ. ಹಂಪಿಯಲ್ಲಿ ಬಿಡಾರ ಮಾಡಿಕೊಂಡಿದ್ದ ಬಿಳಿ ಹುಡುಗನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಅದನ್ನು ಮಾರಿ ಹೋಗಿದ್ದನಂತೆ. ಹಂಡೆ ಎಲ್ಲಿ ಎಂದು ಹೆಂಡತಿ ಕೇಳಿದ್ದಕ್ಕೆ ಆಸಾಮಿ ಗಿಟಾರಿನ ಪೆಟ್ಟಿಗೆಯನ್ನು ಎತ್ತಿಕೊಂಡು ಅಂಗಡಿಗೆ ನಡೆದ.

ಪೆಟ್ಟಿಗೆ ತೆರೆದವನು ಹುಲುಗಣ್ಣ. ಅಂಗಡಿಯಲ್ಲಿ ಕೆಟ್ಟ ಮೈಕು, ಸುಟ್ಟ ಆಂಪ್ಲಿಫೈಯರು ರಿಪೇರಿ ಮಾಡುವವನೂ ಅವನೇ, ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವವನೂ ಅವನೇ. ಅವನ ಹಳೆಯ ಗಿಟಾರಿಗೆ ಕುಂಬಳಕಾಯಿಯಂಥ ಹೊಟ್ಟೆ. ಇದಕ್ಕೆ ಹೊಟ್ಟೆಯೇ ಇಲ್ಲ, ಬರೀ ಗಟ್ಟಿ ಹಲಗೆ. ಮೈಯೆಲ್ಲ ಕಾಡಿಗೆಗಪ್ಪು, ಹೆಗಲ ಮೇಲೆ ಎರಡು ಚೂಪು ಕೋಡು. ಕತ್ತು ತೆಳ್ಳಗೆ, ಚಪ್ಪಟೆ. ಬೆರಳು ತಾವಾಗಿಯೇ ಓಡುತ್ತಿದ್ದವು. ಸ್ವರದ ಮನೆಗಳು ಹಳೆಯದಕ್ಕಿಂತ ಐದು ಹೆಚ್ಚು, ಕೊನೆಯ ಮನೆಗೂ ಕೈ ಎಟುಕಲೆಂದು ಕೋಡಿನ ಬುಡವನ್ನು ಆಳಕ್ಕೆ ಕೊರೆದಿದ್ದರು. ತಂತಿಗಳ ಕೆಳಗೆ ಜೋಡಿ ಜೋಡಿಯಾಗಿ ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತ. ತಂತಿಯನ್ನು ಸವರಿದರೆ ಸಾಕು, ಮೈಕಿನ ಹಾರ್ನು ಒದರುತ್ತಿತ್ತು. ಜೊತೆಗೆ ಕಾಲಲ್ಲಿ ಒತ್ತುವ ಒಂದು ಕಬ್ಬಿಣದ ಡಬ್ಬಿ. ಒತ್ತಿದರೆ ಸ್ವರ ಹರಿದು, ಗರಗಸಕ್ಕೆ ಸಿಕ್ಕ ತಗಡಿನಂತೆ ಗರ್ರೆನ್ನುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್ಟನ್ನು ಹಾಕಿ ಕೇಳಿದರು. ಅದರೊಳಗಿನವನು ಹಾಡುತ್ತಿದ್ದಾನೋ ಅವನನ್ನು ಯಾರಾದರೂ ಬಡಿಯುತ್ತಿದ್ದಾರೋ ಗುರುಸಂಗಪ್ಪನಿಗೆ ತಿಳಿಯಲಿಲ್ಲ. ಹುಲುಗಣ್ಣ ಮಾತ್ರ ಊಟಕ್ಕೂ ಏಳದೆ ಆ ಗಿಟಾರಿನ ಸದ್ದನ್ನೇ ಕೇಳುತ್ತ ಕುಳಿತ.

ಶ್ರುತಿ ಮಾಡುವುದರಲ್ಲಿ ಅವನಿಗೆ ಬೆವರಿಳಿಯಿತು. ತುದಿಯ ಬಿರಡೆ ತಿರುವಿದರೆ ತಂತಿ ಅಲುಗುತ್ತಲೇ ಇರಲಿಲ್ಲ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳನ್ನು ಕಬ್ಬಿಣದ ಹಲ್ಲಿನಲ್ಲಿ ಕಚ್ಚಿಸಿ ಸ್ಕ್ರೂ ಬಿಗಿದಿದ್ದರು. ಎಷ್ಟು ಒದ್ದಾಡಿಸಿದರೂ ಶ್ರುತಿ ಜಾರಬಾರದೆಂದು. ಬುಡದಲ್ಲಿ ತಂತಿ ಹಿಡಿದ ತಗಡೋ, ಗಟ್ಟಿಯಾಗಿ ಕೂತದ್ದಲ್ಲ, ತೇಲುವಂಥದ್ದು. ಅದನ್ನು ಬೆನ್ನ ಕಡೆಯಿಂದ ಸ್ಪ್ರಿಂಗುಗಳು ಎಳೆಯುತ್ತಿದ್ದವು, ಮುಂದಿನಿಂದ ತಂತಿಗಳು ಎಳೆಯುತ್ತಿದ್ದವು. ಒಂದು ತಂತಿಯನ್ನು ಸಡಿಲಿಸಿದರೆ ಉಳಿದ ಐದೂ ಬಿಗಿದುಕೊಳ್ಳುತ್ತಿದ್ದವು. ಆ ತಗಡಿನಿಂದ ಒಂದು ಸರಳು ಚಾಚಿಕೊಂಡಿತ್ತು. ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲಾಗಿ ಸ್ವರ ಪಾತಾಳಕ್ಕಿಳಿಯುತ್ತಿತ್ತು, ಬಿಟ್ಟರೆ ಮೇಲೆ ಬರುತ್ತಿತ್ತು. ಇದೆಲ್ಲ ಕೈವಶವಾಗಲು ಅವನಿಗೆ ಒಂದು ತಿಂಗಳು ಹಿಡಿಯಿತು. ಅಂಗಡಿಯಲ್ಲಿ ಬೇರೆ ಯಾರಿಗೂ ಅದು ಕೊನೆಯವರೆಗೂ ಬಗ್ಗಲಿಲ್ಲ.

ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬಣ್ಣದ ಚಿತ್ರ ಅಂಟಿಸಿತ್ತು. ಅದರಲ್ಲಿ ಇಂಥದೇ ಗಿಟಾರು ಹಿಡಿದವನ ಕೂದಲು ಸೊಂಟ ಮುಟ್ಟುತ್ತಿತ್ತು. ಗುರುಸಂಗಪ್ಪ ನೋಡಿದ, ಇನ್ನು ಮೇಲೆ ಹುಲುಗಣ್ಣ ಕ್ಷೌರದವನ ಕಡೆ ಸುಳಿಯಕೂಡದು ಎಂದು ಹುಕುಂ ಮಾಡಿದ. ಬಾರಿಸುವಾಗ ತಲೆ ಕೊಡವಬೇಕು, ಕೂದಲು ಹಾರಬೇಕು, ಜನ ಬಾಯಿ ಬಿಡಬೇಕು. ಹುಲುಗಣ್ಣನಿಗೇನು, ಖುಷಿಯೇ ಆಯಿತು. ಒಂದೇ ಒಂದು ತಕರಾರು ಬಂದದ್ದು ಹಗರಿಬೊಮ್ಮನಹಳ್ಳಿಯಿಂದ. ಅಲ್ಲಿಯ ಸರಕಾರಿ ಕಚೇರಿಯೊಂದರ ಜವಾನ ಬೊಮ್ಮಪ್ಪನ ಮಗಳು ಎರ್ರೆಮ್ಮನ ಜೊತೆ ಅವನ ಮದುವೆ ಗೊತ್ತಾಗಿತ್ತು. ತನಗಿಂತ ಉದ್ದ ಕೂದಲಿನ ಗಂಡನ್ನು ತಾನು ಒಲ್ಲೆ ಎಂದು ಆಕೆ ತಮ್ಮನ ಕೈಲಿ ಹೇಳಿ ಕಳಿಸಿದ್ದಳು. ಮದುವೆಗೆ ಮೊದಲು ಬೋಳಿಸಿಬಿಡುತ್ತೇನೆ ಎಂದು ಇವನು ನಗುತ್ತ ಉತ್ತರ ಕಳಿಸಿದ.

ಬೊಮ್ಮಪ್ಪ ಹೆಣ್ಣು ಕೊಡಲು ಒಪ್ಪಿದ್ದರ ಹಿಂದೆ ಒಂದು ಕರಾರಿತ್ತು. ಹುಲುಗಣ್ಣನ ತಾಯಿ ಭರಮಮ್ಮ ಜೋಗಮ್ಮ, ಜನ ಅಮ್ಮ ಎನ್ನುವ ದೇವಿಗೆ ಬಿಟ್ಟವಳು. ಎಂಟು ವರ್ಷದವಳಿದ್ದಾಗ ಅವಳ ನೆತ್ತಿಯ ಮೇಲೆ ಕೂದಲು ಜಡೆಗಟ್ಟಿತ್ತು. ಬಾಚಣಿಗೆ ಇಳಿಯದ ಹಾಗೆ ಕೂದಲು ಗಂಟಾದರೆ ಅದು ಅಮ್ಮನ ಗುರುತು, ಅಂಥವರು ಅಮ್ಮನಿಗೇ ಸೇರಿದವರು ಎಂದು ಆ ಸೀಮೆಯ ನಂಬಿಕೆ. ಅವಳ ಕೊರಳಿಗೆ ಮುತ್ತು ಕಟ್ಟಿದರು, ತಲೆಯ ಮೇಲೆ ಅಮ್ಮನ ಬುಟ್ಟಿ ಹೊರಿಸಿದರು, ಕೈಗೆ ಒಂಟಿ ತಂತಿಯ ಚೌಡಿಕೆ ಕೊಟ್ಟರು. ಅಂದಿನಿಂದ ಮಂಗಳವಾರ, ಶುಕ್ರವಾರ ಮನೆಮನೆಗೆ ಹೋಗಿ ಅಮ್ಮನ ಹೆಸರಲ್ಲಿ ಜೋಗ ಬೇಡಿ ಬದುಕಿದವಳು. ಮದುವೆ ಎಂಬುದು ಆಗಲಿಲ್ಲ, ಮಗ ಆದ. ಮಗನಿಗೆ ಅಪ್ಪ ಯಾರೆಂದು ಯಾರೂ ಕೇಳಲಿಲ್ಲ, ಯಾರೂ ಮರೆಯಲೂ ಇಲ್ಲ. ಜೋಗ ಬೇಡುವವಳು ತನಗೆ ಬೀಗತಿಯಾಗಿ ಬೇಡ ಎಂದಿದ್ದ ಬೊಮ್ಮಪ್ಪ. ಮಗನಿಗಾಗಿ ಅವಳು ಬುಟ್ಟಿಯನ್ನೂ ಚೌಡಿಕೆಯನ್ನೂ ಹಿರಿಯ ಜೋಗಮ್ಮ ಪಕ್ಕೀರಮ್ಮನ ಮನೆಯಲ್ಲಿಟ್ಟು, ಕೇರಿಯ ಬಾಲವಾಡಿಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಳು. ಮಕ್ಕಳ ಮೂಗು ಒರೆಸುವುದರಲ್ಲಿ ಇಷ್ಟು ಸುಖ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಪಕ್ಕೀರಮ್ಮನಿಗೆ ಮಾತ್ರ ಅದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಮರುವರ್ಷ ಕಾನಹೊಸಹಳ್ಳಿಯಲ್ಲಿ ಒಂದು ಮದುವೆಯ ಆರತಕ್ಷತೆ. ಮಧ್ಯಾಹ್ನದ ಊಟ ಮುಗಿದು ಜನ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ ಹೊತ್ತು. ಸಿನಿಮಾದ ಹಾಡುಗಳೆಲ್ಲ ಮುಗಿದು, ಹಾಡುವವನ ಗಂಟಲು ಕಟ್ಟಿ, ಇನ್ನೇನು ನೀನೇ ಏನಾದರೂ ಬಾರಿಸಪ್ಪ ಎಂದು ಗುರುಸಂಗಪ್ಪ ಸನ್ನೆ ಮಾಡಿದ. ಹುಲುಗಣ್ಣ ಡಬ್ಬಿ ಒತ್ತಿದ. ಅಂಗೈಯ ಅಂಚಿನಿಂದ ತಂತಿಗಳನ್ನು ಅದುಮಿ ಧಗಧಗ ಬಾರಿಸಿದ. ಬಾರಿಸುತ್ತ ಬಾರಿಸುತ್ತ ಅವನ ಕೈಗೆ ತಾಯಿಯ ಚೌಡಿಕೆಯ ನಾದ ಬಂತು. ಅವಳು ಕಂಕುಳಲ್ಲಿ ಒತ್ತಿ ಹಿಡಿದು ಒಂದೇ ತಂತಿಯನ್ನು ಎಳೆದು, ಸಡಿಲಿಸಿ, ಅಳಿಸುತ್ತಿದ್ದುದನ್ನು ಅವನು ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದವನು. ಈಗ ಸರಳನ್ನು ಒತ್ತಿ, ಬಿಟ್ಟು, ಆರು ತಂತಿಗಳಲ್ಲಿ ಅದನ್ನೇ ಅಳಿಸಿದ. ಕಂಬಕ್ಕೆ ಕಟ್ಟಿದ್ದ ಹಾರ್ನುಗಳು ಊರಾಚೆಗೂ ಕೇಳುವಂತೆ ಕೂಗಿದವು. ಅಷ್ಟು ಸಂತೋಷ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಹೆಂಗಸರ ನಡುವಿನಿಂದ ಒಬ್ಬಳು ಚೀರಿ ಎದ್ದಳು. ತಲೆಗೂದಲು ಬಿಚ್ಚಿತು, ಕಣ್ಣು ತಿರುಗಿದವು, ತೂರಾಡುತ್ತ ಬಂದು ಸ್ಟೇಜು ಹತ್ತಿದಳು. ಕೋಣನ ಕೋಡು, ಕೋಣನ ಕೋಡು ಎಂದು ಆ ಕರಿಯ ಗಿಟಾರನ್ನು ತೋರಿಸಿ ಅರಚಿದಳು. ಅಮ್ಮನ ಎದುರು ಕೋಣ ನಿಂತ ಕಥೆ ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಷ್ಟಕ್ಕೇ ನಿಂತಿದ್ದರೆ ನೀರು ಚಿಮುಕಿಸಿ, ನಿಂಬೆಹಣ್ಣು ಕೊಟ್ಟು ಇಳಿಸುತ್ತಿದ್ದರು. ಆದರೆ ಅವಳು ಹುಲುಗಣ್ಣನ ಕೂದಲಿಗೆ ಕೈ ಹಾಕಿ ಕತ್ತಿನ ಹಿಂದೆ ಎತ್ತಿ ಹಿಡಿದಳು. ಎಣ್ಣೆ ಕಾಣದ, ಬೆವರು ಧೂಳು ಕುಡಿದ, ತಲೆ ಕೊಡವಿ ಕೊಡವಿ ಹೆಣೆದುಕೊಂಡ ಕೂದಲು ಅಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಗಟ್ಟಿಯಾಗಿ ಗಂಟಾಗಿತ್ತು.

"ಜಡಿ ಐತಿ," ಅಂದಳು. "ಜಡಿ ಬಿಟ್ಟಾಳ ಅಮ್ಮ."

ಮಂಟಪದಲ್ಲಿದ್ದವರೆಲ್ಲ ಎದ್ದು ನಿಂತು ಕೈ ಮುಗಿದರು. ಹುಲುಗಣ್ಣನ ಕೈಯಲ್ಲಿ ಗಿಟಾರು ತಾನಾಗಿಯೇ ಊಳಿಡುತ್ತಿತ್ತು, ಅದನ್ನು ಆರಿಸಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವನು ಕೊಟ್ಟೂರಿಗೆ ಬಸ್ಸಿಳಿಯುವ ಮೊದಲೇ ಸುದ್ದಿ ಇಳಿದಿತ್ತು. ಮರುದಿನದಿಂದ ಅವನ ಬದುಕು ಅವನ ಕೈತಪ್ಪಿತು. ಚಹಾದ ಅಂಗಡಿಯಲ್ಲಿ ಬೆಂಚಿನ ಮೇಲಿದ್ದವರು ಎದ್ದು ದೂರ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಮುದುಕಿಯರು ಸೀಟು ಬಿಟ್ಟುಕೊಟ್ಟು ಅವನ ಹಣೆಗೆ ಭಂಡಾರ ಹಚ್ಚುತ್ತಿದ್ದರು. ಗೆಳೆಯರು ಲೇ ಎನ್ನುವುದನ್ನು ಬಿಟ್ಟರು. ಹೀಗೆ ಅಮ್ಮ ಹಿಡಿದ ಗಂಡಸು ಸೀರೆಯುಟ್ಟು, ಬಳೆ ತೊಟ್ಟು, ಮುತ್ತು ಕಟ್ಟಿಸಿಕೊಂಡು ಅವಳ ಸೇವೆಗೆ ಹೋಗಬೇಕು. ಹಾಗೆ ಸಂತೋಷದಿಂದ ಹೋದವರೂ ಇದ್ದರು. ಅವರ ಮೈ ಮನಸ್ಸು ಅದನ್ನೇ ಬೇಡಿತ್ತು, ಸೀರೆಯುಟ್ಟ ದಿನವೇ ಅವರಿಗೆ ಉಸಿರು ಬಂದಂತಾಗಿತ್ತು. ಹುಲುಗಣ್ಣ ಬೇಡಿದ್ದು ಎರ್ರೆಮ್ಮನನ್ನು.

ಬೊಮ್ಮಪ್ಪ ಹೇಳಿ ಕಳಿಸಿದ: ಇದು ಇತ್ಯರ್ಥವಾಗುವ ತನಕ ಮದುವೆಯ ಮಾತು ಬೇಡ. ಕ್ಷೌರದ ಕೊಟ್ರಬಸಪ್ಪ ಅಂಗಡಿಯ ಬಾಗಿಲಲ್ಲೇ ಕೈ ಮುಗಿದು, ತನಗೂ ಹೆಂಡಿರು ಮಕ್ಕಳಿದ್ದಾರೆ, ಜಡೆಗೆ ಕತ್ತರಿ ಇಟ್ಟವನ ವಂಶ ಉಳಿಯುವುದಿಲ್ಲ, ಬೇರೆ ಕಡೆ ನೋಡಪ್ಪ ಎಂದ. ಬೇರೆ ಕಡೆ ಎಂದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ಎಲ್ಲ ಕಡೆಯೂ ಕತ್ತರಿ ಇತ್ತು, ಕೈ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯ ಹಿಂದೆ ಕುಳಿತು ವೈರು ಕತ್ತರಿಸುವ ಇಕ್ಕಳವನ್ನು ತಾನೇ ಕತ್ತಿಗೆ ಹಿಡಿದ. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಂಡ. ನಂಬದವನ ಕೈ ಇಕ್ಕಳವನ್ನು ಯಾಕೆ ಒತ್ತಬಾರದು? ಒತ್ತಲಿಲ್ಲ. ಸಣ್ಣವನಿದ್ದಾಗ ಜ್ವರ ಬಂದರೆ ತಾಯಿ ಅಮ್ಮನ ಭಂಡಾರವನ್ನೇ ಹಚ್ಚಿ ಮಲಗಿಸುತ್ತಿದ್ದಳು. ಆ ಭಯ ಅವನ ಎಲುಬಿನೊಳಗೇ ಇತ್ತು. ಇಕ್ಕಳ ಕೆಳಗಿಟ್ಟು ಅತ್ತ.

ಗುರುಸಂಗಪ್ಪನಿಗೆ ಸುಗ್ಗಿ. ಅಮ್ಮನ ಗಿಟಾರು ಕೇಳಬೇಕೆಂದು ಹಳ್ಳಿಹಳ್ಳಿಯಿಂದ ಕರೆ ಬರುತ್ತಿತ್ತು. ಹುಲುಗಣ್ಣ ಕೈ ಮುಗಿದು, ಗಿಟಾರು ಮಾರಿಬಿಡ್ರಿ ಸಾವ್ಕಾರ್ರ, ನನ್ನ ಬಿಟ್ಟುಬಿಡ್ರಿ ಎಂದು ಬೇಡಿಕೊಂಡ. ಗುರುಸಂಗಪ್ಪನಿಗೆ ಕೋಪವೂ ಬರಲಿಲ್ಲ. ಆ ಕೋಣನ ಶ್ರುತಿ ನಿನ್ನ ಬಿಟ್ಟರೆ ಯಾರಿಗೆ ಬರುತ್ತದೆ ಎಂದ. ಸೀರೆಯುಟ್ಟರೂ ಬಾರಿಸಬಹುದಲ್ಲ ಎಂದ. ಹಾಗೆ ಹೇಳಿ ಬಾಯಿ ತುಂಬ ನಕ್ಕ ಮಹರಾಯ.

ಓಡಿಹೋಗಬಹುದಿತ್ತು. ಹೊಸಪೇಟೆಯಿಂದ ರೈಲು ಹತ್ತಿದರೆ ಯಾರು ಹುಡುಕುತ್ತಿದ್ದರು? ಆದರೆ ಅಮ್ಮನ ಕೈಯಿಂದ ತಪ್ಪಿಸಿಕೊಂಡವನ ತಾಯಿಯನ್ನು ಕೇರಿ ಬಿಡುತ್ತಿರಲಿಲ್ಲ. ನೀರು, ಬೆಂಕಿ ಕೊಡುವವರಿರುವುದಿಲ್ಲ, ಬಾಲವಾಡಿಗೆ ಮಕ್ಕಳನ್ನು ಕಳಿಸುವವರಿರುವುದಿಲ್ಲ, ಎಲ್ಲಿ ಯಾವ ಕೂಸು ಕೆಮ್ಮಿದರೂ ಅವಳ ಮಗನ ಪಾಪ. ಅತ್ತ ಹೋದರೆ ಹೊಂಡ, ಇತ್ತ ಬಂದರೆ ಬಾವಿ. ಪಕ್ಕೀರಮ್ಮ ಮುಂದಿನ ಹುಣ್ಣಿಮೆಗೆ ತನ್ನ ಅಂಗಳದಲ್ಲೇ ಮುತ್ತು ಕಟ್ಟುವುದೆಂದು ಗೊತ್ತುಮಾಡಿದಳು. ಸರಕಾರ ಇದನ್ನೆಲ್ಲ ನಿಲ್ಲಿಸಿ ಕಾನೂನು ಮಾಡಿತ್ತು, ಹೌದು. ಕಾನೂನು ಬೋರ್ಡಿನ ಮೇಲಿತ್ತು, ಅಂಗಳ ಗೋಡೆಯ ಒಳಗಿತ್ತು.

ಇಷ್ಟೆಲ್ಲ ಆಗುವಾಗ ಭರಮಮ್ಮ ತುಟಿ ಬಿಚ್ಚಲಿಲ್ಲ. ಅದೇ ಹುಲುಗಣ್ಣನ ಹೊಟ್ಟೆಯನ್ನು ಹೆಚ್ಚು ಉರಿಸಿತು. ಊರು ಹೇಗೂ ಊರು. ಇವಳು ಹೆತ್ತವಳು, ಈ ದಾರಿಯ ಕಲ್ಲುಮುಳ್ಳು ಬರಿಗಾಲಲ್ಲಿ ತುಳಿದವಳು, ಒಂದು ಬೇಡ ಎನ್ನಬಾರದೆ? ಒಂದು ಬೆಳಿಗ್ಗೆ ಅವಳು ಬಾಲವಾಡಿಯ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಅವನು ತಡೆದುಕೊಳ್ಳಲಾರದೆ ಮೊರವನ್ನು ಕಸಿದುಕೊಂಡ.

"ಯವ್ವ, ನಿನಗ ಆಗಿದ್ದು ನನಗೂ ಆಗ್ಲಿ ಅಂತಿ ಏನು?"

ಅವಳು ಮೊರ ವಾಪಸು ತೆಗೆದುಕೊಂಡು ಕಲ್ಲು ಹೆಕ್ಕತೊಡಗಿದಳು. ಇವಳನ್ನು ತಾನು ಸಾಯುವವರೆಗೆ ಕ್ಷಮಿಸುವುದಿಲ್ಲ ಎಂದು ಅವನು ಆ ಗಳಿಗೆಯಲ್ಲಿ ಅಂದುಕೊಂಡ.

ಹುಣ್ಣಿಮೆಯ ದಿನ ಬೆಳಿಗ್ಗೆ ಅವನಿಗೆ ತಣ್ಣೀರು ಹೊಯ್ದು, ಒದ್ದೆ ಪಂಚೆಯಲ್ಲಿ ಪಕ್ಕೀರಮ್ಮನ ಅಂಗಳದ ಮಣೆಯ ಮೇಲೆ ಕೂರಿಸಿದರು. ಎದುರಿಗೆ ಹಸಿರು ಸೀರೆ, ಹಸಿರು ಬಳೆ, ದಾರದಲ್ಲಿ ಪೋಣಿಸಿದ ಮುತ್ತು. ಗೋಡೆಗೆ ಒರಗಿ ಜೋಗಮ್ಮಗಳು. ಅವರ ಪಕ್ಕದಲ್ಲಿ ಕೇರಿಯ ಹೆಂಗಸರು, ನೆಲದ ಮೇಲೆ ಅವರ ಮಕ್ಕಳು. ಗುರುಸಂಗಪ್ಪ ಹೂವಿನ ಹಾರ ತಂದಿದ್ದ. ಅದಕ್ಕೊಂದು ಪದ್ಧತಿಯಿತ್ತು: ಸುಮ್ಮನೆ ಮುತ್ತು ಕಟ್ಟುವಂತಿಲ್ಲ, ಅಲ್ಲಿದ್ದವರಲ್ಲಿ ಯಾರದಾದರೂ ಮೈಮೇಲೆ ಅಮ್ಮ ಬಂದು, ಇವನು ನನ್ನವನು ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆಂದೇ ಕಾನಹೊಸಹಳ್ಳಿಯ ಆ ಹೆಂಗಸನ್ನು ಕರೆಸಿದ್ದರು. ಪಕ್ಕೀರಮ್ಮ ಚೌಡಿಕೆ ಮೀಟಿದಳು. ಉಧೋ ಉಧೋ ಎಂದಿತು ಅಂಗಳ. ಕಾನಹೊಸಹಳ್ಳಿಯವಳು ಮೆಲ್ಲಗೆ ತೂಗತೊಡಗಿದಳು. ಹುಲುಗಣ್ಣ ಕಣ್ಣು ಮುಚ್ಚಿಕೊಂಡ, ಇನ್ನು ತನ್ನದೆಂಬುದು ಏನೂ ಉಳಿಯಲಿಲ್ಲ ಅನ್ನಿಸಿತು.

ಚೀರಿದ್ದು ಅವಳಲ್ಲ. ಗೋಡೆಯ ಮೂಲೆಯಿಂದ ಎದ್ದವಳು ಭರಮಮ್ಮ.

ಭರಮಮ್ಮನ ಮೈಮೇಲೆ ಅಮ್ಮ ಒಂದು ದಿನವೂ ಬಂದವಳಲ್ಲ. ಹೆಸರಿಗೆ ಮಾತ್ರ ಜೋಗಮ್ಮ ಎಂದು ಜೊತೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆ ಕೊರಗಿನಲ್ಲಿ ಅವಳು ಎಷ್ಟೋ ಶುಕ್ರವಾರ ಉಪವಾಸವಿದ್ದು ಒಮ್ಮೆಯಾದರೂ ಬಾ ತಾಯಿ ಎಂದು ಬೇಡಿಕೊಂಡಿದ್ದಳು. ಈಗ ತುರುಬು ಬಿಚ್ಚಿ, ಹಲ್ಲು ಕಡಿಯುತ್ತ, ತೋಳು ಬೀಸುತ್ತ ಬಂದಳು. ಜನ ಹೋ ಎಂದು ಹಿಂದೆ ಸರಿದರು. ಅವಳ ದಾರಿಯಲ್ಲಿ ಯಾರದೋ ಅಂಬೆಗಾಲಿನ ಕೂಸು ಕುಳಿತಿತ್ತು. ತಿರುಗುತ್ತಿದ್ದ ಆ ಕಣ್ಣುಗಳು ಒಂದು ಕ್ಷಣ ನೆಟ್ಟಗಾದವು. ಕೂಸನ್ನು ಬಳಸಿಕೊಂಡು, ಅದರ ಬೆರಳಿಗೂ ಕಾಲು ತಾಗದಂತೆ ಹೆಜ್ಜೆ ಇಟ್ಟು ಬಂದಳು.

ಹುಲುಗಣ್ಣ ಅದನ್ನು ಕಂಡ. ಮೈಮೇಲೆ ಅಮ್ಮ ಬಂದವಳಿಗೆ ಕೂಸು ಕಾಣುತ್ತಿರಲಿಲ್ಲ. ಅವ್ವ ಸುಳ್ಳಾಡುತ್ತಿದ್ದಾಳೆ. ಅಮ್ಮನ ಹೆಸರಲ್ಲಿ, ಅಮ್ಮನ ಮುಂದೆ. ಅಮ್ಮನನ್ನು ನಂಬದವಳೊಬ್ಬಳು ಹೀಗೆ ಮಾಡಿದ್ದರೆ ಅದು ಆಟವಾಗುತ್ತಿತ್ತು. ಇವಳು ಅಡಿಯಿಂದ ಮುಡಿಯವರೆಗೆ ನಂಬಿದವಳು. ಈ ಸುಳ್ಳಿಗೆ ತನ್ನ ನಾಲಗೆ ಬಿದ್ದುಹೋಗುತ್ತದೆ, ಕಣ್ಣು ಹೋಗುತ್ತವೆ ಎಂದು ಖಾತ್ರಿಯಾಗಿ ಗೊತ್ತಿದ್ದೇ ಎದ್ದು ಬಂದಿದ್ದಳು.

"ಇವನ ಮನಿಯಾಗ ಒಬ್ಬಾಕಿನ್ನ ತಗೊಂಡೀನಿ. ಸಾಕು ನನಗ," ಎಂದು ಗುಡುಗಿದಳು. "ಇವನ ಜಡಿ ನಾ ಬಿಟ್ಟಿದ್ದಲ್ಲ. ಧೂಳಿಂದು. ನಾನ ತಗೀತೀನಿ."

ಪೂಜೆಗಿಟ್ಟಿದ್ದ ಕುಡುಗೋಲನ್ನು ಎತ್ತಿದಳು. ಕತ್ತಿನ ಹಿಂದೆ ತಣ್ಣನೆಯ ಕಬ್ಬಿಣ, ಅದನ್ನು ಹಿಡಿದ ಬೆಚ್ಚನೆಯ ಕೈ. ಅವನ ಕೈ ಸೋತಲ್ಲಿ ಆ ಕೈ ನಿಲ್ಲಲಿಲ್ಲ. ಎಳೆದು ಕೊಯ್ದಳು. ಜಡೆ ಮಡಿಲಿಗೆ ಬಿತ್ತು.

ಪಕ್ಕೀರಮ್ಮ ಚೌಡಿಕೆ ಕೆಳಗಿಟ್ಟಳು. ಬಂದದ್ದು ಯಾವುದು, ಬಾರದ್ದು ಯಾವುದು ಎಂದು ಆ ಮುದುಕಿಗೆ ತಿಳಿಯದ್ದೇನಲ್ಲ. ಕೂಸನ್ನು ಬಳಸಿದ ಹೆಜ್ಜೆಯನ್ನು ಅವಳೂ ಕಂಡಿದ್ದಳು. ಬೇಕಿದ್ದರೆ ಒಂದೇ ಮಾತಿನಲ್ಲಿ ಎಲ್ಲವನ್ನೂ ಹರಿದು ಹಾಕಬಹುದಿತ್ತು. ಅವಳು ಎದ್ದು ಒಳಗೆ ಹೋಗಿ ಭರಮಮ್ಮನ ಬುಟ್ಟಿಯನ್ನು ಹೊತ್ತು ತಂದಳು.

"ತಾಯಿ, ನೀ ಬಂದಿದ್ದು ಖರೇ ಆದ್ರ, ನಿನ್ನ ಬುಟ್ಟಿ ನನ್ನ ಮನಿ ಮೂಲ್ಯಾಗ ಯಾಕ ಕುಂದರಬೇಕು? ಇಕಿ ಹೊರತಾಳೇನು ಹೇಳು."

ಭರಮಮ್ಮ ತಿರುಗಿ ಮಗನನ್ನು ನೋಡಲಿಲ್ಲ.

"ಹೊರತಾಳ. ಸಾಯೋತನಕ ಹೊರತಾಳ."

ಪಕ್ಕೀರಮ್ಮ ಬುಟ್ಟಿಯನ್ನು ಅವಳ ತಲೆಯ ಮೇಲಿಟ್ಟು, ಅಮ್ಮ ಹೇಳಿದ ಮೇಲೆ ಮುಗಿಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ಹೆಸರಿಗೆ ಮಾತ್ರದ ಜೋಗಮ್ಮನ ಕಾಲಿಗೆ ಸಾಲು ಹಚ್ಚಿ ಬಿದ್ದರು. ಗುರುಸಂಗಪ್ಪ ತಂದ ಹಾರವನ್ನು ಅವಳಿಗೇ ಹಾಕಿದ.

ಬಾಲವಾಡಿಯ ಕೆಲಸ ಹೋಯಿತು. ಜೋಗ ಬೇಡುವವಳು ಮಕ್ಕಳಿಗೆ ಅನ್ನ ಹಾಕುವುದು ಸರಿಯಲ್ಲ ಎಂದು ಅವಳೇ ಬಿಟ್ಟಳು. ಬೊಮ್ಮಪ್ಪ ಬಂದ. ಹುಡುಗನದು ಇತ್ಯರ್ಥವಾಯಿತು, ಹೆಣ್ಣು ಕೊಡುತ್ತೇನೆ. ಆದರೆ ಮೊದಲಿನ ಕರಾರು ಕರಾರೇ, ಜೋಗಮ್ಮ ಬೀಗತಿಯಾಗಿ ಹಸೆಯ ಹತ್ತಿರ ಬರುವಂತಿಲ್ಲ, ಕೂಡ್ಲಿಗಿಯಲ್ಲಿರುವ ಹುಡುಗನ ದೊಡ್ಡಮ್ಮ ಅಂಜಿನಕ್ಕ ತಾಯಿಯ ಜಾಗದಲ್ಲಿ ಕೂರಲಿ ಎಂದ. ಹಾಗಾದರೆ ಮದುವೆಯೇ ಬೇಡ ಎಂದು ಹುಲುಗಣ್ಣ ಎದ್ದುಬಿಟ್ಟ. ಅವನು ಊಟ ಬಿಟ್ಟು ಮಲಗಿದ ಮೇಲೆ ಭರಮಮ್ಮ ಬಂದು, ಕತ್ತರಿಸಿದ ಕೂದಲಿನ ಮೋಟು ಬುಡವನ್ನು ಬೆರಳಿನಿಂದ ಸವರಿದಳು. ಅಂಗಳದ ಆ ದಿನದ ಬಗ್ಗೆ ಅವಳು ಆಡಿದ್ದು ಅದೊಂದೇ ಮಾತು.

"ಅಷ್ಟು ದೊಡ್ಡ ಸುಳ್ಳು ಹೇಳೀನಿ ಹುಲುಗ. ಅದನ್ನ ದಂಡ ಮಾಡಬ್ಯಾಡ."

ಮದುವೆ ಹಗರಿಬೊಮ್ಮನಹಳ್ಳಿಯಲ್ಲಿ, ಬೊಮ್ಮಪ್ಪನ ಮನೆಯ ಮುಂದೆ ಆಯಿತು. ಗುರುಸಂಗಪ್ಪ ಶಾಮಿಯಾನ ಹಾಕಿಸಿದ್ದ. ಆರ್ಕೆಸ್ಟ್ರಾವೂ ಇತ್ತು, ಗಿಟಾರು ಮಾತ್ರ ಇರಲಿಲ್ಲ. ಅಕ್ಷತೆ ಬಿದ್ದು, ಎರ್ರೆಮ್ಮ ಅವನ ಮೋಟು ಕೂದಲನ್ನು ಕಳ್ಳಗಣ್ಣಲ್ಲಿ ನೋಡಿ ನಗುತ್ತಿದ್ದ ಹೊತ್ತಿಗೆ ಶಾಮಿಯಾನದ ಬಾಗಿಲಲ್ಲಿ ಜೋಗಮ್ಮಗಳು ಬಂದು ನಿಂತರು. ಮದುವೆಯ ಮನೆಗೆ ಅವರು ಬರುವುದು ಶುಭ. ಮೊದಲ ಹಿಡಿ ಜೋಳವನ್ನು ಮದುಮಗನ ತಾಯಿ ಹಾಕಬೇಕು, ಆಮೇಲೆ ಮದುಮಕ್ಕಳು. ಎಲ್ಲಿ, ಮದುಮಗನ ತಾಯಿ ಎಲ್ಲಿ, ಕರೀರಿ ಎಂದು ಯಾರೋ ಹಿರಿಯರು ಕೂಗಿದರು. ಅಂಜಿನಕ್ಕ ತಲೆತಗ್ಗಿಸಿ ಬಂದು ಒಂದು ಹಿಡಿ ಹಾಕಿದಳು. ಹುಲುಗಣ್ಣ ಬೊಗಸೆ ತುಂಬ ಜೋಳ ತೆಗೆದುಕೊಂಡು ಮುಂದೆ ಬಂದ. ಬುಟ್ಟಿ ಹಿಡಿದು ನಿಂತವಳು ಭರಮಮ್ಮ. ಬಿಚ್ಚಬೇಕೆಂದರೂ ಅವನ ಬೊಗಸೆ ಬಿಚ್ಚಲಿಲ್ಲ. ಎರ್ರೆಮ್ಮ ಮೊಣಕೈ ಮುಟ್ಟಿದ ಮೇಲೆ ಜೋಳ ಬುಟ್ಟಿಗೆ ಸುರಿದು, ಬಗ್ಗಿ ಕಾಲು ಮುಟ್ಟಿದ. ಜೋಗಕ್ಕೆ ಬಂದವಳು ತನ್ನವರು, ಪರರು ಎಂದು ನೋಡುವಂತಿಲ್ಲ. ಎಲ್ಲ ಮನೆಯಲ್ಲೂ ಎಲ್ಲ ಮದುಮಗನಿಗೂ ಹೇಳುವ ಮಾತನ್ನೇ ಅವಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ನಿನ್ನ ಹೆತ್ತಾಕಿ ಹೊಟ್ಟಿ ತಣ್ಣಗಿರ್ಲಿ ಯಪ್ಪಾ."